ನೆಗಡಿಗೆ ಮೂಗು ಕೊಯ್ಯುವವರು

ನನ್ನ ಕಾರಿನ ಹಿಂದಿನ ಗಾಜು ಒರೆಸುವ ವೈಪರ್ ಕೆಟ್ಟದ್ದು ಒಂದು ಜೂನ್ ತಿಂಗಳಿನಲ್ಲಿ. "ಅಯ್ಯೋ, ಇದೂ ಒಂದು ಬರೆಯುವ ವಿಷಯವೇ" ಎಂದು ಕೆಲವರು ಪುಟ ತಿರುವಬಹುದು. ಅವರಲ್ಲಿ ನನ್ನದೊಂದು ವಿನಂತಿ. ಆ ವೈಪರ್ ದೆಸೆಯಿಂದ ಒಂದು ಮಗುವಿನ ಕಾಲು ಮುರಿಯುವುದಿತ್ತು. ಅದಕ್ಕಿಂತ ಕೆಟ್ಟದ್ದೂ ಆಗಬಹುದಿತ್ತು. ಆಗಲಿಲ್ಲ. ಅದು ನಮ್ಮ ಶಾಲೆಯ ಬಿಸಿಯೂಟದ ಅಕ್ಕನ ಗಂಟಲಿನ ಪುಣ್ಯ. ಆದ್ದರಿಂದ ಸ್ವಲ್ಪ ಕೂತು ಕೇಳಿ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಬಿ.ಎ., ಬಿ.ಎಡ್. ಓದಿದವಳಿಗೆ ಮೋಟಾರಿನ ಗೊಡವೆ ಯಾಕೆ ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಕೇಳಿದವರಿದ್ದಾರೆ. ಉತ್ತರ ಸುಲಭ. ನಮ್ಮ ಶಾಲೆ ತೀರ್ಥಹಳ್ಳಿಯಿಂದ ಆಗುಂಬೆಯ ದಿಕ್ಕಿಗೆ ಹದಿನಾಲ್ಕು ಕಿಲೋಮೀಟರ್. ಬಸ್ಸು ಬಂದರೆ ಬಂತು, ಇಲ್ಲವಾದರೆ ಇಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, 2014ರ ಮಾಡೆಲ್ಲಿನ ಒಂದು ಸಣ್ಣ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಸಾಲದ ಕಂತು ಹೋಗುವುದು ನನ್ನ ಸಂಬಳದಿಂದ. ನಮ್ಮ ಮನೆಯವರಿಗೆ ಕಾರು ಓಡಿಸಲು ಬರುವುದಿಲ್ಲ. ಪಕ್ಕದಲ್ಲಿ ಕೂತು ಬ್ರೇಕ್ ಒತ್ತುವಂತೆ ಕಾಲು ಊರುವುದಷ್ಟೇ ಅವರ ಕೆಲಸ. ಈ ವಿವರ ಯಾಕೆ ಹೇಳುತ್ತಿದ್ದೇನೆಂದು ಮುಂದೆ ತಿಳಿಯುತ್ತದೆ.

ಆಗುಂಬೆಯ ಮಳೆಯ ಬಗ್ಗೆ ಹೊಸದಾಗಿ ಹೇಳಬೇಕಾದ್ದೇನಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಬೀಳುವ ಜಾಗ ಅದು. ನಮ್ಮ ಊರಿಗೆ ಅಷ್ಟು ಇಲ್ಲದಿದ್ದರೂ ಅದರ ದೊಡ್ಡ ಪಾಲೇ ಬೀಳುತ್ತದೆ. ಕಾರಿನ ಹಿಂದಿನ ಗಾಜಿಗೆ ವೈಪರ್ ಇರುವುದು ಬರೀ ಶೋಕಿಗೆ ಎನ್ನುವವರು ಮಳೆಗಾಲದಲ್ಲಿ ಒಂದು ದಿನ ನನ್ನೊಡನೆ ಬರಬೇಕು. ಉದ್ದ ಡಿಕ್ಕಿಯ ಕಾರುಗಳಲ್ಲಿ ಹಿಂದಿನ ಗಾಜು ಓರೆಯಾಗಿರುತ್ತದೆ. ಓಡುವಾಗ ಮೇಲಿನಿಂದ ಹರಿದು ಬರುವ ಗಾಳಿಯೇ ಬಹುಮಟ್ಟಿಗೆ ಅದನ್ನು ತೊಳೆದುಬಿಡುತ್ತದೆ. ನನ್ನಂಥವರ ಗಿಡ್ಡ ಕಾರಿನ ಬೆನ್ನು ಕತ್ತಿಯಲ್ಲಿ ಕಡಿದಂತೆ ನೆಟ್ಟಗೆ. ಕಾರು ಮುಂದೆ ನುಗ್ಗಿದಂತೆ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ. ಚಕ್ರ ಎರಚಿದ ಕೆಸರುನೀರನ್ನು ಆ ಸುಳಿ ಮೇಲಕ್ಕೆಳೆದು ಗಾಜಿಗೆ ಬಳಿಯುತ್ತದೆ. ಮನೆ ಬಿಟ್ಟು ಎರಡು ಮೈಲಿಗೆ ಹಿಂದಿನ ಗಾಜು ಸಗಣಿ ಸಾರಿಸಿದ ಅಂಗಳ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆಲ್ಲ, ಹಿಂದಕ್ಕೆ ತೆಗೆಯುವಾಗ ಕೂಗಿ ಎಚ್ಚರಿಸುವ ಸೆನ್ಸರ್ ಕಡ್ಡಾಯವಾಗಿದೆ. ನನ್ನ ಕಾರು ಅದಕ್ಕಿಂತ ಹಳೆಯದು. ನನಗೆ ಹಿಂದಿನ ಕಣ್ಣು ಎಂದರೆ ಆ ಗಾಜು, ರೆಪ್ಪೆ ಎಂದರೆ ಆ ವೈಪರ್.

ಆ ರೆಪ್ಪೆ ನಿಂತುಹೋಯಿತು. ಸ್ವಿಚ್ ತಿರುಗಿಸಿದರೆ ಸದ್ದೂ ಇಲ್ಲ, ಸುದ್ದಿಯೂ ಇಲ್ಲ. ಶನಿವಾರ ಬೆಳಗಿನ ಶಾಲೆ ಮುಗಿಸಿ ಅರವತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ, ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಕುತ್ತಿಗೆಗೆ ಬ್ಯಾಡ್ಜ್ ತೂಗುಹಾಕಿಕೊಂಡ ಹುಡುಗ ವಿನಯದಿಂದಲೇ ಕೂರಿಸಿದ. ನಾನು ಗಮನಿಸಿದ ಎರಡು ಸಂಗತಿಗಳನ್ನು ಅವನಿಗೆ ಹೇಳಿದೆ. ಒಂದು, ಉತ್ತರ ಪತ್ರಿಕೆಯ ಕಟ್ಟು ಇಡಲು ಹಿಂದಿನ ಬಾಗಿಲು ಎತ್ತಿದಾಗ ಸತ್ತು ಬಿದ್ದಿದ್ದ ವೈಪರ್ ಒಮ್ಮೆ ತಟಕ್ಕನೆ ಆಡಿತ್ತು. ಎರಡು, ನಂಬರ್ ಪ್ಲೇಟಿನ ದೀಪವೂ ಅದೇ ವಾರದಿಂದ ಮಿಣುಕುತ್ತಿತ್ತು. ಹುಡುಗ ನಕ್ಕ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮೇಡಂ. ಮೋಟಾರ್ ಅಸೆಂಬ್ಲಿ ಹೋಗಿದೆ. ಬದಲಾಯಿಸಬೇಕು" ಎಂದ. ಬಾಗಿಲಿನ ಒಳಹೊದಿಕೆ ಬಿಚ್ಚಿಲ್ಲ, ಕರೆಂಟು ಬರುತ್ತಿದೆಯೇ ಎಂದು ನೋಡಿಲ್ಲ, ನಿದಾನ ಮುಗಿದೇಹೋಯಿತು! "ಮೋಟಾರೇ ಹೋಗಿದೆ ಎಂದು ಹೇಗೆ ಗೊತ್ತು?" ಎಂದು ಕೇಳಿದೆ. ಅದಕ್ಕೆ ಅವನು ಕೊಟ್ಟ ಉತ್ತರವನ್ನು ಜೀವ ಇರುವವರೆಗೆ ಮರೆಯಲಾರೆ. "ಟೆಕ್ನಿಕಲ್ ವಿಷಯ ಮೇಡಂ. ಸರ್‌ನ ಕಳಿಸಿ, ಅವರಿಗೆ ಹೇಳ್ತೀನಿ."

ಸರ್‌ಗೆ ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ತಿಳಿಯದೆಂದು ಅವನಿಗೆ ಯಾರು ಹೇಳಬೇಕು?

ಹಣ ಕಟ್ಟಿದೆ. ಮೋಟಾರು, ಕೂಲಿ, ತೆರಿಗೆ ಎಲ್ಲ ಸೇರಿ 5,400 ರೂಪಾಯಿ. ಹಳೆಯ ಮೋಟಾರನ್ನು ಕೊಡಿ ಎಂದಾಗ "ಅದು ಸ್ಕ್ರ್ಯಾಪ್ ಮೇಡಂ, ಏನ್ಮಾಡ್ತೀರಿ" ಎಂದರು. ದುಡ್ಡು ನನ್ನದು, ಮೋಟಾರು ನನ್ನದು, ಏನು ಬೇಕಾದರೂ ಮಾಡುತ್ತೇನೆ ಎಂದು ಹಠ ಹಿಡಿದು ರಟ್ಟಿನ ಡಬ್ಬದಲ್ಲಿ ಹಾಕಿಸಿಕೊಂಡು ಬಂದೆ. ವೈಪರ್ ಚೆನ್ನಾಗಿಯೇ ಆಡಿತು. ಎರಡು ದಿನ.

ಮೂರನೆಯ ದಿನ ಮಂಗಳವಾರ. ಸಂಜೆ ನಾಲ್ಕೂವರೆಗೆ ಬಾನು ಒಡೆದಂತೆ ಮಳೆ. ಶಾಲೆಯ ಅಂಗಳದಿಂದ ಕಾರು ಹಿಂದಕ್ಕೆ ತೆಗೆಯಬೇಕು. ಸ್ವಿಚ್ ಹಾಕಿದೆ. ಹೊಸ ಮೋಟಾರಿನ ವೈಪರ್ ಅರ್ಧದವರೆಗೆ ಏರಿ ಅಲ್ಲೇ ನಿಂತಿತು. ಪಕ್ಕದ ಕನ್ನಡಿಗಳಲ್ಲಿ ಎಡಕ್ಕೂ ಬಲಕ್ಕೂ ನೋಡಿ, ಯಾರೂ ಇಲ್ಲವೆಂದುಕೊಂಡು ನಿಧಾನವಾಗಿ ಹಿಂದಕ್ಕೆ ಬಿಟ್ಟೆ. ಅಷ್ಟರಲ್ಲಿ ಅಡುಗೆ ಮನೆಯ ಬಾಗಿಲಿನಿಂದ ಬಿಸಿಯೂಟದ ಅಕ್ಕ "ಟೀಚರೇ, ನಿಲ್ಸೀ!" ಎಂದು ಕೂಗಿದ ಕೂಗು ಮಳೆಯ ಸದ್ದನ್ನೂ ಸೀಳಿಕೊಂಡು ಬಂತು. ನಿಲ್ಲಿಸಿ ಇಳಿದು ನೋಡಿದರೆ, ಪಕ್ಕದ ಪ್ರೈಮರಿ ಶಾಲೆಯ ಒಂದು ಹುಡುಗಿ ಗಾಳಿಗೆ ಮಗುಚಿದ ಕೊಡೆಯನ್ನು ಸರಿಮಾಡಿಕೊಳ್ಳುತ್ತ ಕಾರಿನ ಬೆನ್ನಿಗೇ ಕುಕ್ಕರುಗಾಲಲ್ಲಿ ಕೂತಿದೆ. ಅದಕ್ಕೂ ಬಂಪರಿಗೂ ಒಂದು ಮೊಳ ಅಂತರ. ಆ ಮಗು ನನ್ನನ್ನು ನೋಡಿ ನಕ್ಕಿತು. ನನಗೆ ಹೊಸ್ತಿಲು ದಾಟಿ ಸ್ಟಾಫ್ ರೂಮಿಗೆ ಹೋಗಲು ಕಾಲು ಬರಲಿಲ್ಲ.

ತಪ್ಪು ನನ್ನದೂ ಹೌದು. ಕಾಣದಿದ್ದಾಗ ಇಳಿದು ನೋಡಬೇಕಿತ್ತು. ಅದನ್ನು ಮುಚ್ಚಿಡುವುದಿಲ್ಲ. ಅಂದಿನಿಂದ ಇಳಿದು ಕಾರಿನ ಹಿಂದೆ ಒಂದು ಸುತ್ತು ಹಾಕದೆ ನಾನು ಹಿಂದಕ್ಕೆ ತೆಗೆದದ್ದಿಲ್ಲ. ಆದರೆ ಸರಿಯಾಗಿದೆ ಎಂದು ಬರೆದುಕೊಟ್ಟ ಬಿಲ್ಲು ನನ್ನ ಚೀಲದಲ್ಲಿತ್ತಲ್ಲ, ಆ ಬಿಲ್ಲಿಗೆ ಏನು ಅರ್ಥ?

ಮತ್ತೆ ಶಿವಮೊಗ್ಗ. ಈಗ ಹೇಳಿದ್ದೇನು ಗೊತ್ತೇ? "ಹಾಗಾದ್ರೆ ವೈರಿಂಗ್ ಸೆಟ್ ಪೂರ್ತಿ ಬದಲಾಯಿಸಬೇಕಾಗುತ್ತೆ ಮೇಡಂ." ಹದಿನಾಲ್ಕು ಸಾವಿರದ ಅಂದಾಜುಪಟ್ಟಿ. ಹಾಗಾದರೆ ಮೊದಲು ಬದಲಾಯಿಸಿದ ಮೋಟಾರು? "ಅದೂ ವೀಕ್ ಇತ್ತು." ನೆಗಡಿ ಬಂತೆಂದು ಮೂಗು ಕೊಯ್ದವರು, ನೆಗಡಿ ನಿಲ್ಲದಿದ್ದಾಗ ತಲೆಯನ್ನೇ ಕೊಯ್ಯೋಣ ಎನ್ನುತ್ತಿದ್ದರು. ನಾನು ಕಾರಿನ ಕೀಲಿ ಕೇಳಿ ಇಸಿದುಕೊಂಡು ಹೊರಟುಬಿಟ್ಟೆ.

ತೀರ್ಥಹಳ್ಳಿಯಲ್ಲಿ ಬಸ್ ನಿಲ್ದಾಣದಿಂದ ಸ್ವಲ್ಪ ಆಚೆ, ಲಾರಿ ಬಸ್ಸುಗಳ ಬ್ಯಾಟರಿ, ಡೈನಮೋ ರಿಪೇರಿ ಮಾಡುವ ಒಂದು ಅಂಗಡಿ ಇದೆ. ಬೋರ್ಡಿನ ಅಕ್ಷರ ಮಳೆಗೆ ಅಳಿಸಿಹೋಗಿದೆ. ಅಲ್ಲಿನ ಎಲೆಕ್ಟ್ರಿಷಿಯನ್ ನನ್ನ ವಯಸ್ಸಿನವರೇ. ಬಾಯಲ್ಲಿ ಎಲೆಯಡಿಕೆ. ಅವರು ಮೊದಲು ಮಾಡಿದ ಕೆಲಸ ಯಾವುದೆಂದರೆ, ಪ್ರಶ್ನೆ ಕೇಳಿದ್ದು. "ಸದ್ದಾದ್ರೂ ಬರ್ತದಾ ಅಕ್ಕಾ, ಇಲ್ಲ ಪೂರ್ತಿ ಮೌನವಾ? ಬಾಗ್ಲು ತೆಗ್ದು ಹಾಕ್ವಾಗ ಏನಾದ್ರೂ ಬದಲಾಗ್ತದಾ? ನಂಬರ್ ಪ್ಲೇಟಿನ ಲೈಟು ಉರೀತದಾ?" ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಸರ್ವಿಸ್ ಸೆಂಟರಿನಲ್ಲಿ ನಾನು ಹೇಳಲು ಹೋಗಿ ನಗೆಪಾಟಲಾದ ಸಂಗತಿಗಳನ್ನೇ ಇವರು ತಾವಾಗಿ ಕೇಳುತ್ತಿದ್ದರು.

ಆಮೇಲೆ ಅವರು ಮಾಡಿದ್ದನ್ನು ಪಾಠದಂತೆಯೇ ಬರೆಯುತ್ತೇನೆ. ಓದುಗರಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲು ಫ್ಯೂಸ್ ನೋಡಿದರು. ಸರಿಯಿತ್ತು. ಸುಟ್ಟಿದ್ದರೆ ಅದೇ ಅಳತೆಯದನ್ನೇ ಹಾಕಬೇಕಂತೆ. ದೊಡ್ಡದು ಹಾಕಿದರೆ ಫ್ಯೂಸಿನ ಬದಲು ತಂತಿ ಸುಡುತ್ತದೆ. ಮೋಟಾರು ತಿರುಗುವ ಸದ್ದು ಬಂದು ಕೈ ಮಾತ್ರ ಆಡದಿದ್ದರೆ, ಕೈಯನ್ನು ಬಿಗಿಹಿಡಿದ ನಟ್ಟು ಸಡಿಲಾಗಿರಬೇಕು, ಇಲ್ಲವೇ ಒಳಗಿನ ಹಲ್ಲುಚಕ್ರ ಸವೆದಿರಬೇಕು. ಗುಂಯ್ ಎಂದು ಮುಲುಗಿ ನಿಂತರೆ, ಮಳೆನೀರು ಇಳಿದು ಗ್ರೀಸ್ ಗಟ್ಟಿಯಾಗಿ ಕಡ್ಡಿ ತುಕ್ಕು ಹಿಡಿದು ಕಚ್ಚಿಕೊಂಡಿರಬೇಕು. ಅಂಥ ಹೊತ್ತಿನಲ್ಲಿ ಕೈಯಿಂದ ಬಲವಂತವಾಗಿ ತಿರುಗಿಸಬಾರದು, ಹಲ್ಲು ಮುರಿಯುತ್ತದೆ. ಸದ್ದೇ ಇಲ್ಲವಾದರೆ ಮೋಟಾರನ್ನು ದೂರುವ ಮೊದಲು ಅದಕ್ಕೆ ಊಟ ಸಿಕ್ಕಿದೆಯೇ ಎಂದು ನೋಡಬೇಕು. ಒಂದು 12 ವೋಲ್ಟಿನ ಬಲ್ಬು, ಅದಕ್ಕೆ ಎರಡು ತಂತಿ, ಇಷ್ಟೇ ಅವರ ಯಂತ್ರ. ಬಾಗಿಲಿನ ಒಳಹೊದಿಕೆ ಬಿಚ್ಚಿ, ಸ್ವಿಚ್ ಹಾಕಿಸಿ, ಮೋಟಾರಿಗೆ ಸೇರುವ ಕನೆಕ್ಟರಿಗೆ ಬಲ್ಬಿನ ಒಂದು ತಂತಿಯನ್ನೂ ಕಾರಿನ ಬಾಡಿಯ ಬರಿಯ ಲೋಹಕ್ಕೆ ಇನ್ನೊಂದನ್ನೂ ಹಿಡಿದರು. ಬಲ್ಬು ಉರಿದರೆ ಕರೆಂಟು ಅಲ್ಲಿಯವರೆಗೆ ಬಂದಿದೆ. ಆಗ ತಪ್ಪು ಮೋಟಾರಿನಲ್ಲಿ, ಇಲ್ಲವೇ ಅದರ ಅರ್ತಿನಲ್ಲಿ. ಉರಿಯದಿದ್ದರೆ ತಪ್ಪು ದಾರಿಯಲ್ಲಿ. ಬಲ್ಬು ಉರಿಯಲಿಲ್ಲ. ಹಿಂದಿನ ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿದರು. ಪಕ್ಕನೆ ಉರಿಯಿತು. ಇಳಿಸಿದರು. ಆರಿತು.

"ಸಿಕ್ತು ಮಾರಾಯ್ರೆ" ಎಂದರು.

ಕಾರಿನ ಚಾವಣಿಯಿಂದ ಬಾಗಿಲಿಗೆ ತಂತಿಗಳು ದಾಟುವ ಜಾಗದಲ್ಲಿ ಹಾರ್ಮೋನಿಯಮ್ಮಿನ ತಿದಿಯ ಹಾಗೆ ನೆರಿಗೆ ನೆರಿಗೆಯ ಒಂದು ರಬ್ಬರ್ ಕೊಳವೆ ಇರುತ್ತದೆ. ಬಾಗಿಲು ತೆಗೆದಾಗ ಮುಚ್ಚಿದಾಗ ಒಳಗಿನ ತಂತಿಗಳೆಲ್ಲ ಅಲ್ಲೇ ಮಡಚಿ ಬಿಡಿಸಿಕೊಳ್ಳಬೇಕು. ವರ್ಷಗಟ್ಟಲೆ ಹೀಗೆ ಮಡಚಿ ಮಡಚಿ ತಂತಿಯ ಮೇಲಿನ ಹೊದಿಕೆ ಬಿರಿಯುತ್ತದೆ, ಆಮೇಲೆ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕೊಳವೆ ಸರಿಸಿದಾಗ ವೈಪರಿನ ತಂತಿ ಪೂರ್ತಿ ಕಡಿದಿತ್ತು, ತುದಿಗೆ ತುದಿ ತಾಗಿ ನಿಂತಿತ್ತು. ನಂಬರ್ ಪ್ಲೇಟಿನ ದೀಪದ್ದು ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಶಿವಮೊಗ್ಗದಲ್ಲಿ ಮೋಟಾರು ಬದಲಿಸುವಾಗ ಬಾಗಿಲು ಅಲುಗಾಡಿ ತುದಿಗಳು ತಾಗಿಕೊಂಡಿದ್ದವು. ನನ್ನ ಎರಡು ದಿನದ ಭಾಗ್ಯದ ಗುಟ್ಟು ಅದು. ಒಂದೇ ದಾರಿಯಲ್ಲಿ ಹೋಗುವ ಎರಡು ವಸ್ತು ಒಂದೇ ವಾರ ಕೆಟ್ಟರೆ ದಾರಿಯನ್ನು ನೋಡಬೇಕು. ಇದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ, ಊರಿನ ಎರಡು ಮನೆಗೆ ಒಟ್ಟಿಗೆ ನೀರು ನಿಂತರೆ ನಾವು ನಲ್ಲಿ ಬದಲಾಯಿಸುತ್ತೇವೆಯೇ?

ರಿಪೇರಿಯೂ ಅಷ್ಟೇ ನೀಟಾಗಿತ್ತು. ಕಡಿದ ಜಾಗದಲ್ಲೇ ತಿರುಚಿ ಟೇಪು ಸುತ್ತಿದರೆ ಮಳೆಗಾಲ ದಾಟುವುದಿಲ್ಲ. ಗಂಟು ಮಡಿಕೆಗೆ ಸಿಕ್ಕಿ ಮತ್ತೆ ಮುರಿಯುತ್ತದೆ. ಹೆಚ್ಚು ಎಳೆಗಳಿರುವ ಮೆತ್ತನೆಯ ತಂತಿಯನ್ನು ಗೇಣುದ್ದ ಸೇರಿಸಿ, ಎರಡೂ ಕಡೆಯ ಗಂಟುಗಳು ಮಡಿಕೆಯಿಂದ ಆಚೆಗೆ ಬರುವಂತೆ ಮಾಡಿ, ಗಂಟುಗಳು ಒಂದಕ್ಕೊಂದು ತಾಗದಂತೆ ಹಿಂದೆ ಮುಂದೆ ಇರಿಸಿ, ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿದರು. ಆಮೇಲೆ ವೈಪರ್ ಆಡುತ್ತಿರುವಂತೆಯೇ ಬಾಗಿಲನ್ನು ಹತ್ತು ಸಲ ತೆಗೆದು ಮುಚ್ಚಿದರು. ಒಮ್ಮೆಯೂ ತಪ್ಪಲಿಲ್ಲ. ಒಂದೂಕಾಲು ಗಂಟೆ, 350 ರೂಪಾಯಿ.

ನಾನು ರಟ್ಟಿನ ಡಬ್ಬ ತೆಗೆದು ಹಳೆಯ ಮೋಟಾರನ್ನು ಮುಂದಿಟ್ಟೆ. ಬ್ಯಾಟರಿಗೆ ಎರಡು ತಂತಿ ತಾಗಿಸಿದರು. ಗುಂಯ್ ಎಂದು ತಿರುಗಿತು. ಸತ್ತಿದೆ ಎಂದು ಸರ್ಟಿಫಿಕೇಟ್ ಕೊಟ್ಟ ಹೆಣ ಎದ್ದು ಕೂತು ಕಾಫಿ ಕೇಳಿದಂತಾಯಿತು.

ಈಗ ನನ್ನ ವಾದ. ಒಬ್ಬ ಹುಡುಗ ತಪ್ಪು ಮಾಡಿದನೆಂದು ನಾನು ಬರೆಯುತ್ತಿಲ್ಲ. ಆ ಹುಡುಗನಿಗೆ ಹುಡುಕಲು ಬಿಡುವಿಲ್ಲ. ದಿನಕ್ಕೆ ಇಷ್ಟು ಕಾರು ಮುಗಿಸಬೇಕು, ಇಷ್ಟು ಬಿಲ್ಲು ಮಾಡಬೇಕು ಎಂಬ ಲೆಕ್ಕದ ಕೆಳಗೆ ಅವನು ದುಡಿಯುತ್ತಾನೆ. ಹುಡುಕುವ ಒಂದು ಗಂಟೆಗೆ ಬಿಲ್ಲಿನಲ್ಲಿ ಜಾಗವಿಲ್ಲ. ಬದಲಾಯಿಸುವ ವಸ್ತುವಿಗೆ ಜಾಗವಿದೆ. ಹೀಗಾಗಿ ರಿಪೇರಿ ಎಂಬ ವಿದ್ಯೆಯನ್ನೇ ಮೆಲ್ಲಗೆ ಕೊಂದು, ಅದರ ಹೆಸರನ್ನು ಮಾತ್ರ ಬೋರ್ಡಿನ ಮೇಲೆ ಉಳಿಸಿಕೊಂಡಿದ್ದೇವೆ. ಇದು ವ್ಯಾಪಾರದ ವ್ಯವಸ್ಥೆ, ನನ್ನ ಜಗಳ ಅದರೊಡನೆ.

ನಾನೊಬ್ಬಳೇ ಹೀಗೆ ಹೇಳುತ್ತಿಲ್ಲ. 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷ ಹುಡುಕುವ ಸಲಕರಣೆಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ಆರೋಪ. ಅವು ಎಲ್ಲರಿಗೂ ಸಿಗಬೇಕೆಂದು ಆದೇಶವಾಯಿತು. ಮೇಲ್ಮನವಿಗಳು ನಡೆದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗಾಗಿ ಒಂದು ಸಮಿತಿಯನ್ನೇ ರಚಿಸಿತು. ಕಾರುಗಳೂ ಅದರ ವ್ಯಾಪ್ತಿಯಲ್ಲಿದ್ದವು. ದೆಹಲಿಯ ಕಡತದಲ್ಲಿ ನಮಗೆ ಹಕ್ಕಿದೆ, ಕೌಂಟರಿನ ಎದುರು ನಿಂತಾಗ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ.

"ಈಗಿನ ಕಾರು ಅಂದ್ರೆ ಕಂಪ್ಯೂಟರ್ ಕಣ್ರೀ, ಹಳೇ ಕಾಲದ ಹಾಗಲ್ಲ" ಎನ್ನುವವರಿದ್ದಾರೆ. ಒಪ್ಪುತ್ತೇನೆ. ಏರ್‌ಬ್ಯಾಗಿಗೆ, ಬ್ರೇಕಿಗೆ ತಿಳಿಯದವರು ಕೈ ಹಾಕಬಾರದು. ವಾರಂಟಿ ಇರುವ ಕಾರಿನಲ್ಲಿ ಮೊದಲು ಕಾಗದ ಓದಬೇಕು. ಆದರೆ ಕಂಪ್ಯೂಟರ್ ಇದ್ದ ಮಾತ್ರಕ್ಕೆ ತಾಮ್ರದ ತಂತಿ ಮಡಚಿದಾಗ ಮುರಿಯುವುದನ್ನು ಬಿಟ್ಟಿತೇ? "ಹಿಂದಿನ ವೈಪರ್ ಇಲ್ಲದೆಯೂ ಕಾರು ಓಡುತ್ತದೆ" ಎನ್ನುವವರೂ ಇದ್ದಾರೆ. ನಮ್ಮಲ್ಲಿ ಅನೇಕ ಕಾರುಗಳ ಅಗ್ಗದ ಮಾಡೆಲ್ಲಿಗೆ ಈ ವೈಪರ್ ಕೊಡುವುದೇ ಇಲ್ಲ. ಅಗ್ಗದ ಕಾರಿನ ಹಿಂದೆ ಮಕ್ಕಳು ಕೂರುವುದಿಲ್ಲವೇ?

ಇನ್ನು ಇದು ಹೆಂಗಸರ ವಿಷಯವಲ್ಲ ಎನ್ನುವವರಿಗೆ ಒಂದು ಮಾತು. ಗಾಡಿಯ ಒಳಗಿನಿಂದಲೇ ಗಾಜು ಒರೆಸುವ ವೈಪರಿಗೆ 1903ರ ನವೆಂಬರ್ 10ರಂದು ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು ಮೇರಿ ಆಂಡರ್ಸನ್ ಎಂಬ ಹೆಂಗಸು, ಅಲಬಾಮಾದವಳು. ಚಳಿಗಾಲದ ನ್ಯೂಯಾರ್ಕಿನಲ್ಲಿ ಟ್ರಾಮಿನ ಚಾಲಕ ಗಾಜಿನ ಮೇಲಿನ ಹಿಮದಿಂದ ಪಡುತ್ತಿದ್ದ ಪಾಡು ನೋಡಿ ಅವಳಿಗೆ ಹೊಳೆದದ್ದು ಇದು. ಕಂಪನಿಯೊಂದು ಇದರಲ್ಲಿ ವ್ಯಾಪಾರವಿಲ್ಲ ಎಂದು ತಿರಸ್ಕರಿಸಿತು. ಅವಳಿಗೆ ಒಂದು ಕಾಸೂ ಹುಟ್ಟಲಿಲ್ಲ. ಸರ್‌ನ ಕಳಿಸಿ ಎಂದು ಅವಳಿಗೂ ಯಾರಾದರೂ ಹೇಳಿದ್ದರೋ ಏನೋ!

ಕೊನೆಗೆ ನನ್ನ ಮನೆಯ ಕಸವನ್ನೂ ಗುಡಿಸಬೇಕು. ಆ ವಾರವೇ ಟೆಸ್ಟಿನ ಪತ್ರಿಕೆ ತಿದ್ದುತ್ತಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಉತ್ತರದ ಮೇಲೆ ಮೇಲಿನಿಂದ ಕೆಳಗಿನವರೆಗೆ ಕೆಂಪು ಗೀಟು ಎಳೆದೆ. ಪತ್ರಿಕೆ ಕೊಟ್ಟಾಗ ಅವಳು ಎದ್ದು ನಿಂತು "ಎಲ್ಲಿ ತಪ್ಪಾಗಿದೆ ಮೇಡಂ?" ಎಂದಳು. "ಎಲ್ಲಾ ತಪ್ಪು. ಪೂರ್ತಿ ಮತ್ತೆ ಓದ್ಕೊಂಡು ಬಾ" ಎಂದುಬಿಟ್ಟೆ. ಹೇಳಿದ ಮೇಲೆ ಕಿವಿಗೆ ಬಿತ್ತು. ಇದು ಶಿವಮೊಗ್ಗದ ಕೌಂಟರಿನ ಮಾತು. ಅಸೆಂಬ್ಲಿ ಬದಲಾಯಿಸಿ ಎಂಬ ಮಾತು. ಅವಳನ್ನು ಕರೆದು ಕೂರಿಸಿ ಓದಿಸಿದೆ. ಒಂದು ಇಸವಿ ತಪ್ಪಾಗಿತ್ತು. ಅದರಿಂದ ಮುಂದಿನ ಘಟನೆಗಳ ಸಾಲು ಅಡಿಮೇಲಾಗಿತ್ತು. ಉಳಿದದ್ದೆಲ್ಲ ಸರಿಯಿತ್ತು. ಎಷ್ಟು ಮಕ್ಕಳ ತಂತಿ ಎಲ್ಲಿ ಕಡಿದಿದೆಯೆಂದು ನೋಡದೆಯೇ ಮೋಟಾರು ಹೋಗಿದೆ ಎಂದು ಷರಾ ಬರೆದಿದ್ದೇನೋ ಲೆಕ್ಕ ಇಟ್ಟವಳಲ್ಲ ನಾನು.

ಆದ್ದರಿಂದ ನಾನು ಕೇಳುವುದು ಮೂರೇ ಮೂರು. ಬಿಲ್ಲಿನಲ್ಲಿ ಏನನ್ನು ಹಾಕಿದಿರಿ ಎಂಬುದರ ಜೊತೆಗೆ ಏನು ಕೆಟ್ಟಿತ್ತು, ಅದನ್ನು ಹೇಗೆ ಕಂಡುಕೊಂಡಿರಿ ಎಂದು ಬರೆಯಿರಿ. ಬಿಚ್ಚಿದ ಹಳೆಯ ವಸ್ತುವನ್ನು ಕೇಳದೆಯೇ ಕೈಗೆ ಕೊಡಿ. ಹುಡುಕಿದ ಗಂಟೆಗೆ ಕೂಲಿ ಹಾಕಿ, ನಾವು ಸಂತೋಷದಿಂದ ಕೊಡುತ್ತೇವೆ, ಆದರೆ ಹುಡುಕಿ.

ನನ್ನ ಅಕ್ಕತಂಗಿಯರಲ್ಲಿಯೂ ಒಂದು ಮಾತು. ಸರ್ವಿಸ್ ಸೆಂಟರಿನಲ್ಲಿ ಏಸಿ ಕೋಣೆಯ ಸೋಫಾದಲ್ಲಿ ಕೂರಿಸಿದರೆ ಕೂರಬೇಡಿ. ಎದ್ದು ಹೋಗಿ ಕಾರಿನ ಪಕ್ಕ ನಿಲ್ಲಿ. ಹೇಗೆ ಗೊತ್ತಾಯಿತು ಎಂದು ಕೇಳಿ. ಕುಕ್ಕರಿನ ಸೀಟಿ ಕೂಗದಿದ್ದಾಗ ನಾವು ಕುಕ್ಕರನ್ನೇ ಎಸೆಯುವುದಿಲ್ಲ. ಗ್ಯಾಸ್ಕೆಟ್ ನೋಡುತ್ತೇವೆ, ಸೀಟಿಯ ತೂತಿನಲ್ಲಿ ಅನ್ನದ ಅಗುಳು ಸಿಕ್ಕಿದೆಯೇ ನೋಡುತ್ತೇವೆ. ದೋಷ ಹುಡುಕುವ ವಿದ್ಯೆ ನಮಗೆ ಹೊಸದಲ್ಲ.

ಆ ಎರಡು ತಂತಿಯ ಬಲ್ಬನ್ನು ನಾನೂ ಒಂದು ಮಾಡಿಸಿಕೊಂಡಿದ್ದೇನೆ. ಈಗ ಅದು ಸ್ಟಾಫ್ ರೂಮಿನ ನನ್ನ ಡ್ರಾದಲ್ಲಿ, ಕೆಂಪು ಪೆನ್ನಿನ ಪಕ್ಕದಲ್ಲೇ ಇದೆ.